ಸರಳ ಚಿತ್ರದಲ್ಲಿ ಬಂಡೆಯ ತೂಕ

ಪ್ರಶ್ನೆ: ಬಂಡೆಗಳ ನಿಸರ್ಗದೃಶ್ಯವೊಂದನ್ನು ಆಕ್ರಿಲಿಕ್‌ನಲ್ಲಿ ಬರೆದಿದ್ದೇನೆ. ಬಿರುಕು, ಪಾಚಿ, ಪೊದೆಗಳನ್ನೆಲ್ಲ ಕೈಬಿಟ್ಟು ಕೆಲವೇ ಬಣ್ಣಗಳಲ್ಲಿ ಅದನ್ನು ಸರಳಗೊಳಿಸಿದೆ. ಸಂಜೆಯ ಮೌನವೇನೋ ಬಂದಿದೆ, ಆದರೆ ಬಂಡೆಗಳು ಕತ್ತರಿಸಿ ಅಂಟಿಸಿದ ಕಾಗದದಂತೆ ಕಾಣುತ್ತವೆ. ಭಾವ ಕೆಡದಂತೆ ಅವುಗಳಿಗೆ ಗಾತ್ರ ಕೊಡುವುದು ಹೇಗೆ?

ಉತ್ತರ: ತಾವು ಕಳುಹಿಸಿದ ಛಾಯಾಚಿತ್ರವನ್ನು ಗಮನವಿಟ್ಟು ನೋಡಿದೆ. ವಿವರಗಳನ್ನು ಬಿಟ್ಟದ್ದು ಒಳ್ಳೆಯ ನಿರ್ಧಾರ. ಅವುಗಳನ್ನು ದಯವಿಟ್ಟು ಮತ್ತೆ ಸೇರಿಸಬೇಡಿ. ಎಡಬದಿಯ ದೊಡ್ಡ ಬಂಡೆಯ ಹೊರರೇಖೆಯನ್ನು ಬಹಳ ಎಚ್ಚರಿಕೆಯಿಂದ ಎಳೆದಿದ್ದೀರಿ, ಆದರೆ ಒಳಗೆಲ್ಲ ಒಂದೇ ಬೂದುನೇರಳೆಯನ್ನು ತುಂಬಿರುವುದರಿಂದ ಅದರ ಮೈ ಎಲ್ಲಿ ತಿರುಗುತ್ತದೆ ಎಂಬುದು ನೋಡುವವರಿಗೆ ತಿಳಿಯುವುದಿಲ್ಲ. ಸಂಜೆಯ ಸೂರ್ಯ ಕೆಳಗಿರುವಾಗ ಬಂಡೆಯ ನೆತ್ತಿಗೆ ಹೆಚ್ಚಾಗಿ ಆಕಾಶದ ತಂಪು ಬೆಳಕೇ ಬೀಳುತ್ತದೆ, ಸೂರ್ಯನತ್ತ ಮುಖ ಮಾಡಿದ ಬದಿ ಕಾವಿಯ ಕಡೆಗೆ ಬೆಚ್ಚಗಾಗುತ್ತದೆ, ಉಳಿದ ಬದಿ ನೆರಳಿನಲ್ಲಿರುತ್ತದೆ. ಈ ಮೂರು ಮೈಗಳು ಸ್ಪಷ್ಟವಾದರೆ ಸಾಕು, ಬಂಡೆ ನೆಲದ ಮೇಲೆ ಕೂರುತ್ತದೆ.

ಇಲ್ಲೊಂದು ಅಪಾಯವಿದೆ. ಮೈಗಳನ್ನು ತೋರಿಸುವ ಆತುರದಲ್ಲಿ ಒಂದನ್ನು ಬೆಳ್ಳಗೆ, ಇನ್ನೊಂದನ್ನು ಕಪ್ಪಗೆ ಮಾಡಿದರೆ ನಿಮ್ಮ ಚಿತ್ರದ ಮೌನ ಒಡೆದುಹೋಗುತ್ತದೆ, ಏಕೆಂದರೆ ಆ ಮೌನ ಹುಟ್ಟಿರುವುದೇ ಛಾಯೆಗಳು ಒಂದಕ್ಕೊಂದು ಹತ್ತಿರವಿರುವುದರಿಂದ. ಆದ್ದರಿಂದ ಮೈಗಳ ವ್ಯತ್ಯಾಸವನ್ನು ಬೆಳಕು ಕತ್ತಲೆಗಳಿಗಿಂತ ಹೆಚ್ಚಾಗಿ ಬಿಸಿ ಬಣ್ಣ ಮತ್ತು ತಂಪು ಬಣ್ಣಗಳಿಂದ ತನ್ನಿ. ಫ್ರೆಂಚ್ ಚಿತ್ರಕಾರ ಪಾಲ್ ಸೆಜಾನ್ 1895ರ ಆಸುಪಾಸಿನಲ್ಲಿ ದಕ್ಷಿಣ ಫ್ರಾನ್ಸಿನ ಬಿಬೆಮ್ಯೂಸ್ ಕಲ್ಲುಗಣಿಯನ್ನು ಚಿತ್ರಿಸಿದಾಗ ಕಿತ್ತಳೆಛಾಯೆಯ ಕಲ್ಲಿನ ತಿರುವುಗಳನ್ನು ನೀಲಿ, ನೇರಳೆಗಳಿಂದ ಕಟ್ಟಿದ ರೀತಿಯನ್ನು ಒಮ್ಮೆ ನೋಡಿ. ಮಸಿಯಲ್ಲಿ ಕೆಲಸ ಮಾಡುವವರಿಗೆ ನಾನು ಚೀನಾದ ಚಿತ್ರಕಾರ ಲಿ ಟಾಂಗ್‌ನ 1124ರ ಪರ್ವತಚಿತ್ರವನ್ನು ಸೂಚಿಸುತ್ತಿದ್ದೆ. ಅಲ್ಲಿ ಕೊಡಲಿಯೇಟಿನಂತಹ ಕುಂಚದ ಗೀಟುಗಳೇ ಕಲ್ಲಿನ ಮೈಗಳಾಗುತ್ತವೆ.

ಅಂಚುಗಳ ವಿಷಯವನ್ನೂ ಹೇಳಬೇಕು. ಈಗ ಪ್ರತಿ ಬಂಡೆಯ ಸುತ್ತಲೂ ಅಂಚು ಒಂದೇ ಸಮನೆ ಹರಿತವಾಗಿದೆ. ಕಣ್ಣನ್ನು ಕಿರಿದಾಗಿಸಿ ನೋಡಿದರೆ ಮಧ್ಯದ ಮೂರು ಬಂಡೆಗಳ ನೆರಳುಗಳು ಸೇರಿ ಒಂದೇ ದೊಡ್ಡ ಆಕಾರವಾಗುವುದು ಕಾಣುತ್ತದೆ. ಅವುಗಳ ನಡುವಿನ ಗೆರೆಯನ್ನು ಅಳಿಸಿ, ಆ ನೆರಳನ್ನು ಒಟ್ಟಾಗಿ ಹರಿಯಲು ಬಿಡಿ. ಹರಿತವಾದ ಅಂಚನ್ನು ಬೆಳಕು ಬಿದ್ದ ಭುಜದ ಬಳಿ ಮಾತ್ರ ಉಳಿಸಿಕೊಳ್ಳಿ. ಹಿಂದಿನ ಸಾಲಿನ ಬಂಡೆಗಳನ್ನು ಮುಟ್ಟುವ ಅಗತ್ಯವಿಲ್ಲ; ದೂರದವುಗಳಿಗೆ ಚಪ್ಪಟೆತನವೇ ಒಪ್ಪುತ್ತದೆ.