ಶಾಸಕರ ಪತ್ರದಿಂದ ಸಿಕ್ಕ ಕೆಲಸ ಕಾಯಂ ಆಗುತ್ತದೆಯೇ?

ಪ್ರಶ್ನೆ: ಶಾಸಕರ ಶಿಫಾರಸು ಪತ್ರದ ಮೇಲೆ ಹನ್ನೊಂದು ವರ್ಷಗಳ ಹಿಂದೆ ತಾಲ್ಲೂಕು ಕಚೇರಿಯಲ್ಲಿ ಹೊರಗುತ್ತಿಗೆ ಡಾಟಾ ಎಂಟ್ರಿ ಆಪರೇಟರ್ ಆಗಿ ಸೇರಿದೆ. ಹತ್ತು ವರ್ಷ ತುಂಬಿದವರನ್ನು ಕಾಯಂ ಮಾಡಲೇಬೇಕಂತೆ, ನಿಜವೇ?

ಉತ್ತರ: ನಿಜವಲ್ಲ. ಈ ಹತ್ತು ವರ್ಷದ ಮಾತು ಹುಟ್ಟಿದ್ದು ನಮ್ಮದೇ ರಾಜ್ಯದ ಉಮಾದೇವಿ ಪ್ರಕರಣದಿಂದ. ಅದನ್ನು ಹೆಚ್ಚು ಉದಾಹರಿಸುವವರು ತೀರ್ಪನ್ನು ಓದದವರೇ. ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರೂ ಕಕ್ಷಿದಾರರಾಗಿದ್ದ ಆ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು 2006ರ ಏಪ್ರಿಲ್ 10ರಂದು ಹಿಂಬಾಗಿಲ ನೇಮಕಾತಿಗಳನ್ನು ಸಕ್ರಮಗೊಳಿಸಲಾಗದು ಎಂದಿತು. ಮಂಜೂರಾದ ಖಾಲಿ ಹುದ್ದೆಯಲ್ಲಿ, ತಕ್ಕ ಅರ್ಹತೆಯೊಂದಿಗೆ, ನ್ಯಾಯಾಲಯದ ಆದೇಶದ ಆಸರೆಯಿಲ್ಲದೆ ಅಷ್ಟರಲ್ಲೇ ಹತ್ತು ವರ್ಷ ದುಡಿದಿದ್ದವರಿಗೆ ಮಾತ್ರ ಒಂದೇ ಬಾರಿಯ ವಿನಾಯಿತಿ ನೀಡಿತು. ನೀವು ಕೆಲಸಕ್ಕೆ ಸೇರಿದ್ದೇ ಅದಾದ ಬಹಳ ವರ್ಷಗಳ ಮೇಲೆ. ನಿಮ್ಮ ಪಿಎಫ್ ಚೀಟಿಯಲ್ಲಿ ಉದ್ಯೋಗದಾತರ ಹೆಸರನ್ನೊಮ್ಮೆ ನೋಡಿ: ಅಲ್ಲಿ ಏಜೆನ್ಸಿಯ ಹೆಸರಿದ್ದರೆ, ಸರ್ಕಾರ ತಾನು ನಿಮ್ಮನ್ನು ನೇಮಿಸಿಕೊಂಡೇ ಇಲ್ಲವೆಂದು ವಾದಿಸುತ್ತದೆ.

ಇನ್ನು ನೀವು ಜೋಪಾನವಾಗಿಟ್ಟಿರುವ ಆ ಪತ್ರ. ಪ್ರಕಟಣೆ ಹೊರಟಿತ್ತೇ, ಅರ್ಹರೆಲ್ಲರಿಂದ ಅರ್ಜಿ ಕರೆದರೇ, ಮೀಸಲಾತಿ ಪಾಲಿಸಿದರೇ ಎಂದು ಸಂವಿಧಾನದ 16ನೇ ವಿಧಿಯ ಪ್ರಕಾರ ನ್ಯಾಯಾಲಯ ಕೇಳುವಾಗ, ಇವು ಯಾವುವೂ ನಡೆದಿಲ್ಲವೆಂದು ನಿಮ್ಮ ವಿರುದ್ಧವೇ ಸಾಕ್ಷಿ ನುಡಿಯುವ ಕಾಗದ ಅದು. ಅದನ್ನು ಅರ್ಜಿಗೆ ಲಗತ್ತಿಸಿ ತರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. 2024ರ ಡಿಸೆಂಬರಿನ ಜಗ್ಗೋ ತೀರ್ಪಿನಲ್ಲಿ, ಕೇಂದ್ರ ಜಲ ಆಯೋಗದಲ್ಲಿ ದಶಕಗಳಿಂದ ದುಡಿಯುತ್ತಿದ್ದವರ ವಿರುದ್ಧ ಉಮಾದೇವಿ ತೀರ್ಪನ್ನು ಆಯುಧವಾಗಿ ಬಳಸಬಾರದೆಂದು ಸುಪ್ರೀಂ ಕೋರ್ಟ್ ಹೇಳಿರುವುದು ನಿಜ. ಆದರೆ ಅಲ್ಲಿ ತೂಕ ಪಡೆದದ್ದು ಕೆಲಸದ ನಿರಂತರತೆ ಮತ್ತು ಅದರ ಸ್ವರೂಪ. ಹಾಜರಾತಿ ಪುಸ್ತಕ, ಕಚೇರಿ ಆದೇಶಗಳ ಪ್ರತಿಗಳನ್ನು ಮಾಹಿತಿ ಹಕ್ಕಿನಡಿ ಈಗಲೇ ಪಡೆದಿಡಿ, ಮತ್ತು ವಯೋಮಿತಿ ಮೀರುವ ಮುನ್ನ ಸ್ಪರ್ಧಾತ್ಮಕ ಪರೀಕ್ಷೆ ಬರೆಯಿರಿ.

ಪ್ರಶ್ನೆ: ನೇಮಕಾತಿಯಲ್ಲಿ ಮಂತ್ರಿಗಳ ಕೋಟಾ ಎಷ್ಟು?

ಉತ್ತರ: ಅಂಥದ್ದೊಂದು ಕೋಟಾ ಇಲ್ಲ, ಇದೆ ಎನ್ನುವವನು ದಲ್ಲಾಳಿ.

ಪ್ರಶ್ನೆ: ಕೆಲಸ ಕೊಡಿಸುತ್ತೇನೆಂದು ಮುಖಂಡರೊಬ್ಬರು ಹಣ ಪಡೆದು ಛಾಪಾ ಕಾಗದದಲ್ಲಿ ಬರೆದುಕೊಟ್ಟಿದ್ದಾರೆ. ದಾವೆ ಹೂಡಬಹುದೇ?

ಉತ್ತರ: 1872ರ ಕರಾರು ಕಾಯ್ದೆಯ 23ನೇ ಸೆಕ್ಷನ್ ಅನೂರ್ಜಿತ ಕರಾರಿಗೆ, ಅಂದರೆ ನ್ಯಾಯಾಲಯ ಜಾರಿ ಮಾಡಿಸದ ಒಪ್ಪಂದಕ್ಕೆ, ಕೊಡುವ ದೃಷ್ಟಾಂತಗಳಲ್ಲಿ ನಿಮ್ಮ ವ್ಯವಹಾರವೂ ಒಂದು, ಮೊತ್ತ ಮಾತ್ರ ಅಲ್ಲಿ 1,000 ರೂಪಾಯಿ. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ನೇರ ಅಪರಾಧ. ಬಲವಂತಕ್ಕೆ ಕೊಟ್ಟವರು ಏಳು ದಿನಗಳೊಳಗೆ ದೂರು ನೀಡಿದರೆ ಮಾತ್ರ ರಕ್ಷಣೆಯುಂಟು. ಠಾಣೆಯ ಮೆಟ್ಟಿಲು ಹತ್ತುವ ಮುನ್ನ ಕ್ರಿಮಿನಲ್ ವಕೀಲರನ್ನು ಕಾಣಿರಿ, ಆ ಕಾಗದದ ಚಿತ್ರವನ್ನು ಯಾರಿಗೂ ವಾಟ್ಸ್ಆ್ಯಪ್ ಮಾಡಬೇಡಿರಿ.