ಸಂಕ್ರಾಂತಿಯಿಂದ ಗಣೇಶನ ಹಬ್ಬದವರೆಗೆ

ನಮಸ್ಕಾರ. ನಿಮ್ಮ ಅಕ್ಕನ ಕಾಯಿಲೆಯ ಬಗ್ಗೆ, ಅಂಡಾಶಯದ ಗಡ್ಡೆಯಿಂದ ಅವರಿಗೆ ಗಂಡುದನಿ, ಗಡ್ಡ ಬಂದದ್ದರ ಬಗ್ಗೆ, ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲಾರೆ. ಆದರೆ ಇದು ಬರಲೇಬೇಕಾದ ಲೇಖನ, ಕೈಬಿಡಬೇಡಿ.

ಮೊದಲು ‘ಗಡ್ಡ ಬಂದ ಹೆಣ್ಣು’ ಎಂಬ ತಲೆಬರಹ ತೆಗೆಯಿರಿ. ಅಕ್ಕ ಓದುವ ಬರಹಕ್ಕೆ ಇಡುವ ಹೆಸರಲ್ಲ ಅದು.

ಐದನೇ ಪುಟದಲ್ಲಿ ಅಕ್ಕ ಗ್ಯಾಸ್ ಸಿಲಿಂಡರಿಗಾಗಿ ಫೋನ್ ಮಾಡುತ್ತಾರೆ. ಆ ಕಡೆಯವನು ಅವರ ದನಿ ಕೇಳಿ ‘ಹೇಳಿ ಸರ್’ ಎನ್ನುತ್ತಾನೆ. ಅಕ್ಕ ಮಾತಾಡದೆ ಫೋನ್ ಇಟ್ಟುಬಿಡುತ್ತಾರೆ. ಅಲ್ಲಿಂದ ಮುಂದೆ ಓದಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಲೇಖನ ಅಲ್ಲಿಂದಲೇ ಶುರುವಾಗಲಿ. ಅದಕ್ಕೂ ಮುಂಚಿನ ನಾಲ್ಕು ಪುಟ ಹಾರ್ಮೋನಿನ ಪಾಠ, ಅದರಲ್ಲೂ ತಪ್ಪಿದೆ. ‘ಗಂಡು ಹಾರ್ಮೋನು’ ಎನ್ನಿಸಿಕೊಳ್ಳುವ ಆಂಡ್ರೋಜೆನ್ ಗಂಡಸರ ಸ್ವತ್ತಲ್ಲ; ಹೆಣ್ಣಿನ ಅಂಡಾಶಯ, ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳೂ ಅದನ್ನು ಅಷ್ಟಿಷ್ಟು ತಯಾರಿಸುತ್ತವೆ.

ದೊಡ್ಡ ಕೊರತೆ ಬೇರೆಯೇ ಇದೆ. ಅಕ್ಕ ‘ಕ್ರಮೇಣ ಬದಲಾದಳು’ ಎಂದಿದ್ದೀರಿ. ನೀವೇ ಬರೆದಂತೆ ಮುಟ್ಟು ನಿಂತದ್ದು ಸಂಕ್ರಾಂತಿಗೆ, ದನಿ ಗಡುಸಾದದ್ದು ಗಣೇಶನ ಹಬ್ಬದ ಹೊತ್ತಿಗೆ. ಎಂಟೇ ತಿಂಗಳು! ಅದು ಕ್ರಮೇಣವಲ್ಲ, ಆ ವೇಗವೇ ರೋಗದ ಸುಳಿವು. ಮುಟ್ಟು ಏರುಪೇರಾಗಿಸಿ ಮುಖದ ಕೂದಲು ಹೆಚ್ಚಿಸುವ, ಬಹಳ ಹೆಣ್ಣುಮಕ್ಕಳಲ್ಲಿ ಕಾಣುವ ಅಂಡಾಶಯದ ತೊಂದರೆ ಪಿಸಿಒಡಿ ಸಾಮಾನ್ಯವಾಗಿ ಹರೆಯದಲ್ಲೇ ತಲೆದೋರಿ ವರ್ಷಗಟ್ಟಲೆ ನಿಧಾನವಾಗಿ ಸಾಗುತ್ತದೆ. ದನಿ ಬದಲಾಗುವಷ್ಟು ಅದು ಹೋಗುವುದಿಲ್ಲವೆಂದೇ ಹೇಳಬಹುದು. ಅಕ್ಕನಿಗಿದ್ದ, ಆಂಡ್ರೋಜೆನ್ ಸುರಿಸುವ ಸರ್ಟೋಲಿ-ಲೇಡಿಗ್ ಗಡ್ಡೆ ತೀರಾ ಅಪರೂಪ, ಅಂಡಾಶಯದ ಗಡ್ಡೆಗಳಲ್ಲಿ ಶೇ 0.5ಕ್ಕಿಂತ ಕಡಿಮೆ. ಹಾಗಾಗಿ ತುಟಿಯ ಮೇಲೆ ನಾಲ್ಕು ಕೂದಲು ಬಂದವರನ್ನೆಲ್ಲ ಹೆದರಿಸಬೇಡಿ. ಆದರೆ ಕೆಲವೇ ತಿಂಗಳಲ್ಲಿ ಮುಟ್ಟು ನಿಂತು, ನೆತ್ತಿಯ ಕೂದಲು ಉದುರಿ, ದನಿ ಇಳಿದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು ಎಂಬುದನ್ನು ಒತ್ತಿ ಬರೆಯಿರಿ. ರಕ್ತದ ಒಂದು ಡೆಸಿಲೀಟರಿನಲ್ಲಿ ಟೆಸ್ಟೋಸ್ಟಿರೋನ್ ಎಂಬ ಆಂಡ್ರೋಜೆನ್ 200 ನ್ಯಾನೋಗ್ರಾಂ ದಾಟಿದರೆ ವೈದ್ಯರು ಗಡ್ಡೆಯನ್ನು ಹುಡುಕುತ್ತಾರೆ. ‘ಸ್ಕ್ಯಾನಿಂಗ್‌ನಲ್ಲಿ ಕಾಣದಿದ್ದರೆ ಗಡ್ಡೆಯಿಲ್ಲ’ ಎಂಬ ಸಾಲನ್ನು ಹೊಡೆದುಹಾಕಿ. ಮುಟ್ಟು ನಿಂತ ವಯಸ್ಸಿನವರಲ್ಲಿ ಬರುವ, ಇದೇ ಜಾತಿಯ ಇನ್ನೊಂದು ಗಡ್ಡೆಯಾದ ಲೇಡಿಗ್ ಕೋಶದ ಗಡ್ಡೆ ಎಷ್ಟೋ ಸಲ ಕಣ್ಣಿಗೆ ಬೀಳದಷ್ಟು ಚಿಕ್ಕದಿರುತ್ತದೆ.

ಇನ್ನು ಕೊನೆಯ ಸಾಲು: ‘ಆಪರೇಷನ್ ಆಯಿತು, ಎಲ್ಲವೂ ಮೊದಲಿನಂತಾಯಿತು.’ ನಾನು ಇದನ್ನು ನಂಬುವುದಿಲ್ಲ. ಗಡ್ಡೆ ತೆಗೆದ ಮೇಲೆ ಹಾರ್ಮೋನು ಬೇಗನೆ ಇಳಿಯುತ್ತದೆ, ಮುಟ್ಟು ಮರಳುತ್ತದೆ, ಕೂದಲು ನಿಧಾನವಾಗಿ ಕಡಿಮೆಯಾಗುತ್ತದೆ. ಗಡುಸಾದ ದನಿ ಮಾತ್ರ ಅನೇಕರಲ್ಲಿ ಹಾಗೆಯೇ ಉಳಿದುಬಿಡುತ್ತದೆ. ಅಕ್ಕ ಈಗ ಫೋನಿನಲ್ಲಿ ಮಾತಾಡುತ್ತಾರೆಯೇ? ಅವರನ್ನೇ ಕೇಳಿ, ಅವರು ಒಪ್ಪಿದರೆ ಮಾತ್ರ ಬರೆಯಿರಿ. ಹದಿನೈದು ದಿನದೊಳಗೆ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಜಾಗ ಕಾಯ್ದಿಡುತ್ತೇನೆ.