ದಿಢೀರನೆ ನಿಲ್ಲಿಸಬೇಡಿ, ನಲೊಕ್ಸೋನ್‌ಗೆ ಹೆದರಬೇಡಿ

ನಿಮ್ಮ ತಂಗಿ ಐದು ತಿಂಗಳ ಗರ್ಭಿಣಿ, ಒಂದು ವರ್ಷದಿಂದ ಓಪಿಯಾಯ್ಡ್ (ಅಫೀಮಿನ ಬಗೆಯ) ನೋವಿನ ಮಾತ್ರೆಗೆ ಅಂಟಿಕೊಂಡಿದ್ದಾಳೆ, ನಾಳೆಯಿಂದಲೇ ಪೂರ್ತಿ ಬಿಡುತ್ತೇನೆ ಅನ್ನುತ್ತಿದ್ದಾಳೆ ಎಂದು ಬರೆದಿದ್ದೀರಿ. ಅವಳ ಮನಸ್ಸು ಒಳ್ಳೆಯದೇ, ಆದರೆ ದಾರಿ ಅಪಾಯದ್ದು. ದಯವಿಟ್ಟು ತಡೆಯಿರಿ. ಹೀಗೆ ಬಿಟ್ಟವರಲ್ಲಿ ಬಹಳ ಮಂದಿ ಮತ್ತೆ ಶುರುಮಾಡುತ್ತಾರೆ. ಅಷ್ಟರಲ್ಲಿ ದೇಹದ ತಾಳಿಕೆ ಇಳಿದಿರುತ್ತದೆ, ಹಳೆಯ ಪ್ರಮಾಣವೇ ಉಸಿರು ನಿಲ್ಲಿಸಬಹುದು.

ಗರ್ಭಿಣಿಯರಿಗೆ ವೈದ್ಯರು ಕೊಡುವುದು ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್, ಮಾತ್ರೆಯ ಬದಲಿಗೆ ಅಳತೆಯಲ್ಲಿ ಕೊಡುವ ಔಷಧಗಳು. ಇದು ಒಂದು ಚಟದ ಬದಲು ಇನ್ನೊಂದು ಚಟವಲ್ಲ, ಚಿಕಿತ್ಸೆ. ಹುಟ್ಟಿದ ಮಗುವಿಗೆ ಕೆಲವು ದಿನ ಅಥವಾ ವಾರ ನಡುಕ, ಅತಿಯಾದ ಅಳು ಬರಬಹುದು, ಅದಕ್ಕೆ ಆರೈಕೆಯಿದೆ. ನಿದ್ದೆಮಾತ್ರೆ, ಮದ್ಯ ಜೊತೆಗೆ ಸೇರಲೇಬಾರದು. ನಿದ್ದೆಮಾತ್ರೆಯೂ ರೂಢಿಯಾಗಿದ್ದರೆ ಅದನ್ನೂ ವೈದ್ಯರ ಮೂಲಕವೇ ಇಳಿಸಬೇಕು.

ಓಪಿಯಾಯ್ಡ್ ಅತಿಯಾಗಿ ಉಸಿರು ನಿಂತಾಗ ಕೊಡುವ ತುರ್ತು ಔಷಧ ನಲೊಕ್ಸೋನ್ ಮಗುವಿಗೆ ಹಾನಿಯೇ ಎಂದು ಕೇಳಿದ್ದೀರಿ. ತಾಯಿ ಉಸಿರಾಡದಿದ್ದರೆ ಮಗುವಿಗೂ ಆಮ್ಲಜನಕವಿಲ್ಲ, ಆದ್ದರಿಂದ ಹಿಂಜರಿಯದೆ ಕೊಡಿ. ಎಬ್ಬಿಸಿದರೂ ಏಳದಿರುವುದು, ತುಟಿ ನೀಲಿಯಾಗುವುದು, ಗೊರಗೊರ ಸದ್ದು, ಸೂಜಿಮೊನೆಯಷ್ಟು ಸಣ್ಣ ಪಾಪೆ ಕಂಡರೆ ತಕ್ಷಣ ಆಂಬುಲೆನ್ಸ್ ಕರೆಯಿರಿ, ನಲೊಕ್ಸೋನ್‌ನ ಮೂಗಿನ ಸ್ಪ್ರೇ ಕೊಡಿ, ಉಸಿರಿಲ್ಲದಿದ್ದರೆ ಬಾಯಿಯಿಂದ ಉಸಿರು ಕೊಡಿ. 2-3 ನಿಮಿಷದಲ್ಲಿ ಚೇತರಿಕೆ ಕಾಣದಿದ್ದರೆ ಇನ್ನೊಂದು ಡೋಸ್. ಉಸಿರಾಡುತ್ತಿದ್ದರೆ ಎಡ ಮಗ್ಗುಲಿಗೆ ಮಲಗಿಸಿ. ಎಚ್ಚರವಾದರೂ ಆಸ್ಪತ್ರೆಗೆ ಹೋಗಲೇಬೇಕು: ನಲೊಕ್ಸೋನ್ ಪರಿಣಾಮ 30ರಿಂದ 90 ನಿಮಿಷ ಮಾತ್ರ, ಮಾತ್ರೆಯದು ಇನ್ನೂ ಹೆಚ್ಚು ಹೊತ್ತು ಇರಬಹುದು.

ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಹೆರಿಗೆಯಾದ ಮೇಲಿನ ಮೊದಲ ವರ್ಷವೇ ಹೆಚ್ಚು ಅಪಾಯದ ಕಾಲ. ನಿದ್ದೆಗೆಟ್ಟು, ಮನಸ್ಸು ಕುಸಿದು, ಎಲ್ಲರ ಗಮನ ಮಗುವಿನತ್ತ ಹೋದಾಗ ಚಿಕಿತ್ಸೆ ಬಿಟ್ಟುಹೋಗುತ್ತದೆ. ಆಗ ನೀವು ಅವಳ ಹತ್ತಿರವಿರಿ, ಸ್ಪ್ರೇ ಎಲ್ಲಿದೆ ಎಂದು ಮನೆಯವರಿಗೆಲ್ಲ ಗೊತ್ತಿರಲಿ.